ಕಾಲು ಬಾತು ಬಂದವರು

ಮೂಡಲಗಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ಹೃದಯದ ಬಲ ಕುಂದಿ, ಕಾಲು ಬಾತು, ಮನೆಯಿಂದ ಅಂಗಳಕ್ಕೆ ಬಂದರೂ ಏದುಸಿರು ಬಿಡುವವರು ಸುತ್ತಲಿನ ಹಳ್ಳಿಗಳಿಂದ ಬರುತ್ತಲೇ ಇರುತ್ತಾರೆ. ಬೇನೆ ಸಣ್ಣದಲ್ಲ. ಆದರೂ ಅವರ ಎದುರು ಕುಳಿತು ನಗು ತಡೆದುಕೊಳ್ಳುವುದು ನನಗೆ ನಿತ್ಯದ ಕೆಲಸ.

ಹಳೆಯ ಉಪ್ಪು

ಕಿರಾಣಿ ಅಂಗಡಿಯ ಕಾಕಾ ಒಬ್ಬರಿಗೆ ಉಪ್ಪು ಬಿಡಲು ಹೇಳಿ ಕಳಿಸಿದ್ದೆ. ಮುಂದಿನ ಸಲ ಬಂದಾಗ ಪಾದ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

"ಕಾಕಾ, ಉಪ್ಪು ಬಿಟ್ಟೀರಿಲ್ಲೊ?"

"ಖರೇನ ಬಿಟ್ಟೇನ್ರಿ. ಸಪ್ಪನ ಪಲ್ಲೆ, ಸಪ್ಪನ ಸಾರು."

"ಮತ್ತ ರೊಟ್ಟಿಗೆ ಏನು ಹಚ್ಕೋತೀರಿ?"

"ಉಪ್ಪಿನಕಾಯಿ."

"ಅದರಾಗ ಉಪ್ಪು ಇಲ್ಲೇನ್ರಿ?"

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. "ಅದು ಹ್ವಾದ ಬ್ಯಾಸಗಿದ್ರಿ. ನೀವು ಉಪ್ಪು ಬಿಡ್ರಿ ಅನ್ನೂಕಿಂತ ಮೊದಲ ಹಾಕಿದ್ದು."

ಬಸ್ಸಿನ ಗುಳಿಗೆ

ಮಮದಾಪುರದ ಅಜ್ಜಿಗೆ ಮೈಯೊಳಗಿನ ನೀರು ಇಳಿಯಲೆಂದು ಮುಂಜಾನೆಯ ಗುಳಿಗೆ ಕೊಟ್ಟಿದ್ದೆ. ಅದನ್ನು ನುಂಗಿದ ಮೇಲೆ ಮೂತ್ರಕ್ಕೆ ಏಳುವುದೇ ಕೆಲಸ. ಅಜ್ಜಿ ನನ್ನ ಕಡೆ ಬರುವ ದಿನವೂ ಅದನ್ನು ನುಂಗಿಯೇ ಬಸ್ ಹತ್ತಿದರು. ಅವರಿಗಿಂತ ಮೊದಲು ಕಂಡಕ್ಟರ್ ಒಳಗೆ ಬಂದ.

"ಈ ಆಯಿಗೆ ಗುಳಿಗಿ ಕೊಟ್ಟವ್ರು ನೀವ ಏನ್ರಿ?"

"ಹೌದ್ರಿ. ಏನಾತು?"

"ಗುಳಿಗಿ ಬಾಳ ಚಲೋ ಐತ್ರಿ. ಆದ್ರ ನಮ್ಮ ಬಸ್ಸಿಗೆ ಇಷ್ಟು ಸ್ಟಾಪ್ ಇಲ್ಲ."

ಕುರಿ ತೂಗುವ ಕಾಟಾ

ಹುಕ್ಕೇರಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಕುರಿಗಾರ ಹಿರಿಯರೊಬ್ಬರಿದ್ದಾರೆ. "ತೂಕ ಒಮ್ಮೆಲೆ ಏರಿದ್ರ ಮೈಯಾಗ ನೀರು ನಿಂತೈತಿ ಅಂತ ತಿಳೀರಿ, ಕೂಡಲೆ ಬರ್ರಿ" ಎಂದಿದ್ದೆ. ಮನೆಯಲ್ಲಿ ಕುರಿ ತೂಗುವ ಕಾಟಾ ಇತ್ತು. ದಿನಾ ಮುಂಜಾನೆ ಹೆಂಡತಿ ಅವರ ಕೈಹಿಡಿದು ಅದರ ಮೇಲೆ ನಿಲ್ಲಿಸುತ್ತಿದ್ದರು. ಇವರು ಒಲ್ಲೆ ಅನ್ನುವುದು, ಅವರು ಬಿಡದಿರುವುದು.

ಒಂದು ದಿನ ಇಬ್ಬರೂ ಗಡಿಬಿಡಿಯಿಂದ ಬಂದರು.

"ತೂಕ ಏರೇತ್ರಿ," ಎಂದರು ಹೆಂಡತಿ.

"ಏನೂ ಆಗಿಲ್ರಿ. ಮಗಳ ಮನಿಯಾಗ ಹೋಳಿಗಿ ಉಂಡೇನಿ," ಎಂದರು ಹಿರಿಯರು. ಅಷ್ಟು ಹೇಳುವುದರೊಳಗೆ ನಡುವೆ ನಿಂತು ಉಸಿರು ಎಳೆದುಕೊಂಡರು.

ಎದೆಗೆ ಸ್ಟೆತಾಸ್ಕೋಪ್ ಹಚ್ಚಿದೆ. ಶ್ವಾಸಕೋಶದ ಬುಡದಲ್ಲಿ ನೀರಿನ ಸಪ್ಪಳ. ಇಂಜೆಕ್ಷನ್ ಕೊಟ್ಟು, ಗಾಡಿ ಮಾಡಿಸಿ ಗೋಕಾಕಿನ ಆಸ್ಪತ್ರೆಗೆ ಕಳಿಸಿದೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು.

ಗುಣವಾಗಿ ಬಂದಾಗ ಹಿರಿಯರ ಮುಖದಲ್ಲಿ ಕಳೆ ಇತ್ತು. ಹೆಂಡತಿ ಗುಳಿಗೆ ತರಲು ಹೊರಗೆ ಹೋದರು.

"ನಿಮ್ಮ ಜೀವ ಉಳಿಸಿದ್ದು ಅವರು. ಇನ್ನ ಮ್ಯಾಲರ ಕಾಟಾ ಒಲ್ಲೆ ಅನಬ್ಯಾಡ್ರಿ. ನಿಂದರಾಕ ಏನು ತ್ರಾಸ?" ಎಂದೆ.

ಹಿರಿಯರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸಾಹೇಬ್ರ, ಅಕಿ ಆ ಕಾಟಾದ ಮ್ಯಾಲೆ ನಿಂದರಿಸಿದ್ದು ಇಲ್ಲೀತನಕ ಒಂದೂ ಮನಿಯಾಗ ಉಳಿದಿಲ್ರಿ. ಎಲ್ಲಾ ಸಂತಿಗೆ ಹೋಗ್ಯಾವ!"