ಟಪಾಲು ಗುಮಾಸ್ತರ ಸಿಂಹಾಸನ

ಸೀನು ಬಂದದ್ದೇ ನೆಪ. ಟಪಾಲು ಗುಮಾಸ್ತರು "ಆಕ್ಷೀ" ಎಂದರು, ಕೆಳಗಿದ್ದ ಕುರ್ಚಿ "ಲಟ್" ಎಂದಿತು. ಮರುಕ್ಷಣ ಮೇಜಿನ ಮೇಲೆ ಅವರ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

ನೀರು ಸರಬರಾಜು ಕಚೇರಿಗೆ ಕಚೇರಿಯೇ ಎದ್ದು ಬಂತು. ಎತ್ತುವುದಕ್ಕಲ್ಲ, ನೋಡುವುದಕ್ಕೆ.

"ನಾನು ಹೇಳ್ಲಿಲ್ವಾ, ಆ ಕುರ್ಚಿಗೆ ಆಯಸ್ಸು ಮುಗೀತು ಅಂತ?" ಎಂದರು ಹೆಡ್ ಕ್ಲರ್ಕು. ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ.

"ನಿಮ್ದು ಮುರಿದಾದ್ರೂ ಬಿತ್ತು, ಪುಣ್ಯವಂತರು," ಎಂದು ಟೈಪಿಸ್ಟಮ್ಮ ನಿಟ್ಟುಸಿರಿಟ್ಟರು. "ನನ್ನದು ಮುರಿಯೋದೂ ಇಲ್ಲ, ನೆಟ್ಟಗೆ ನಿಲ್ಲೋದೂ ಇಲ್ಲ. ಏಳು ವರ್ಷದ ಹಿಂದೆ ಹೆರಿಗೆ ರಜೆ ಮುಗಿಸಿ ಬಂದಾಗಿಂದ ಕುಂಟ್ತಾನೇ ಇದೆ. ಮುಂಚೆ ಎಷ್ಟು ಚೆನ್ನಾಗಿತ್ತು ಅಂತೀರಾ!"

ಗುಮಾಸ್ತರಿಗೆ ಯಾಕೋ ಕೆಮ್ಮು ಬಂತು.

ಅವರ ಸೊಂಟದ ಕತೆ ಬೇರೆಯೇ ಇತ್ತು. ಬೆಳಿಗ್ಗೆ ತಾನೇ ಹೆಂಡತಿ ಎಣ್ಣೆ ತಿಕ್ಕುತ್ತಾ, "ಇವತ್ತೂ ಹೊಸ ಕುರ್ಚಿ ಕೇಳದೆ ಬಂದ್ರೆ, ನಾಳೆಯಿಂದ ನಿಮ್ಮ ಹೆಡ್ ಕ್ಲರ್ಕ್ ಹತ್ರಾನೇ ತಿಕ್ಕಿಸ್ಕೊಳ್ಳಿ," ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಗುಮಾಸ್ತರು ಕುಂಟುತ್ತಾ ಉಗ್ರಾಣಕ್ಕೆ ನಡೆದರು. ಹಿಂದೆ ಇಡೀ ಕಚೇರಿ.

"ಮೂರು ಕುರ್ಚಿ ಬಂದಿವೆ, ಒಂದು ಆರಿಸ್ಕೊಳ್ಳಿ," ಎಂದರು ಉಗ್ರಾಣದವರು. "ಈ ಅರ್ಜಿಗೆ ಸಾಹೇಬ್ರ ರುಜು ಇವತ್ತೇ ಆಗ್ಬೇಕು. ಸಂಜೆ ಉಳಿದಿದ್ದು ಬೇರೆ ಆಫೀಸಿಗೆ ಹೋಗುತ್ತೆ. ಹಳೇದು ಒಂದು ಚೂರೂ ಬಿಡದೆ ನನಗೆ ಒಪ್ಪಿಸ್ಬೇಕು."

ಮೊದಲನೆಯದು ಮೆತ್ತೆಯದು. ಪರೀಕ್ಷಿಸಲು ಕೂತ ಹೆಡ್ ಕ್ಲರ್ಕು ಗೊರಕೆ ಹೊಡೆದರು. ಎರಡನೆಯದು ಬರೀ ಕಬ್ಬಿಣ. "ಇದು ಕಳ್ಳರನ್ನ ಕೂರಿಸಿ ಬಾಯಿ ಬಿಡಿಸೋಕೆ ಸರಿ," ಎಂದರು ಟೈಪಿಸ್ಟಮ್ಮ. ಗುಮಾಸ್ತರು ಮತ್ತೆ ಕೆಮ್ಮಿದರು.

ಮೂರನೆಯದಕ್ಕೆ ಎತ್ತರದ ಬೆನ್ನು, ಎರಡು ಕೈ, ಅಡಿಯಲ್ಲಿ ಐದು ಚಕ್ರ. ಗುಮಾಸ್ತರು ಕೂತರು. ಅವರ ಬೆನ್ನು ತವರಿಗೆ ಬಂದ ಮಗಳ ಹಾಗೆ ಹಿಂದಕ್ಕೆ ಒರಗಿತು.

"ಚಕ್ರ ತಿರುಗುತ್ತಾ ನೋಡೋಣ," ಎಂದು ಹೆಡ್ ಕ್ಲರ್ಕು ಸುಮ್ಮನೆ ಒಂದು ತಳ್ಳು ತಳ್ಳಿದರು.

ತೊಳೆದ ನೀರು ಹರಿದುಹೋಗಲಿ ಎಂದು ಆ ಕಚೇರಿಯ ನಡುವಣ ಹಾದಿಯನ್ನು ಇಳಿಜಾರಾಗಿ ಕಟ್ಟಿದ್ದರು. ಕುರ್ಚಿ ಹೊರಟಿತು. ಬಿಲ್ಲು ಕಟ್ಟಲು ನಿಂತಿದ್ದ ಸಾಲು ಎರಡಾಗಿ ಸೀಳಿತು. ಯಾರೋ ದೊಡ್ಡ ಸಾಹೇಬರು ಎಂದುಕೊಂಡು ಅಜ್ಜನೊಬ್ಬ ಕೈ ಮುಗಿದ. ಅರ್ಧ ತೆರೆದಿದ್ದ ಬಾಗಿಲನ್ನು ಗುದ್ದಿಕೊಂಡು ಗುಮಾಸ್ತರು ನೇರ ಸಾಹೇಬರ ಮೇಜಿಗೇ ಬಂದು ನಿಂತರು. ಸಾಹೇಬರ ಕೈಯಲ್ಲಿದ್ದ ನೀರಿನ ಲೋಟ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಮ್ಮ ಗುಮಾಸ್ತರು ಅರ್ಜಿ ಚಾಚಿದರು.

"ಸಾರ್, ರುಜು."

"ಈ ಅವಸರ ಕೆಲಸದಲ್ಲಿ ತೋರಿಸಿದ್ರೆ ಊರಿಗೆಲ್ಲ ಎರಡು ಹೊತ್ತು ನೀರು ಬರ್ತಿತ್ತು ಕಣ್ರೀ," ಎಂದು ಸಾಹೇಬರು ರುಜು ಹಾಕಿಬಿಟ್ಟರು.

ಆಹಾ, ಆಮೇಲಿನ ಸಂಭ್ರಮವೇ! ಗೆದ್ದ ಪೈಲ್ವಾನನಂತೆ ಕುರ್ಚಿಯಲ್ಲಿ ಕೂತ ಗುಮಾಸ್ತರನ್ನು ಎಲ್ಲರೂ ಸೇರಿ ಏರು ಹತ್ತಿಸಿದರು. ಅವರು ಕೂತಲ್ಲಿಂದಲೇ ಮನೆಗೆ ಫೋನು ಮಾಡಿದರು: "ಎಣ್ಣೆ ಬಾಟ್ಲಿ ಅಟ್ಟಕ್ಕೆ ಹಾಕೇ!"

ಅಷ್ಟರಲ್ಲಿ ಉಗ್ರಾಣದವರು ಬಣ್ಣದ ಡಬ್ಬಿ ಹಿಡಿದು ಬಂದರು. "ಹಳೆ ಕುರ್ಚಿ ನಂಬರು ಹೊಸದಕ್ಕೆ ಬರೀಬೇಕು. ಯಾರ ನಂಬರೋ ಅವರ ಕುರ್ಚಿ." ಮುರಿದ ಕುರ್ಚಿಯನ್ನು ಮಗುಚಿ, ತಳದ ಧೂಳು ಒರೆಸಿದರು. "ಒಂಬತ್ತು." ರಿಜಿಸ್ಟರಿನ ಮೇಲೆ ಬೆರಳು ಓಡಿತು, ನಿಂತಿತು. "ಒಂಬತ್ತು ಟೈಪಿಸ್ಟಮ್ಮನದು! ನಿಮ್ದು ಹದಿನೇಳಲ್ವಾ ಗುಮಾಸ್ತರೇ? ಗುಡಿಸೋವಾಗ ಅದಲು ಬದಲಾಗಿರ್ಬೇಕು."

ಗುಡಿಸುವಾಗ ಅಲ್ಲ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ, ತಮ್ಮ ಕುಂಟು ಕುರ್ಚಿಯನ್ನು ರಜೆಯಲ್ಲಿದ್ದ ಟೈಪಿಸ್ಟಮ್ಮನ ಮೇಜಿಗೆ ದಾಟಿಸಿ, ಅವರ ಒಳ್ಳೆಯದನ್ನು ಎಳೆದುಕೊಂಡಿದ್ದ ಗುಮಾಸ್ತರಿಗೆ ತಳದ ನಂಬರು ನೋಡಬೇಕೆಂದು ಹೊಳೆದಿರಲಿಲ್ಲ.

ಟೈಪಿಸ್ಟಮ್ಮನ ಕಣ್ಣು ತುಂಬಿ ಬಂತು. "ನಿಮಗೆ ಗೊತ್ತಿತ್ತು ಅಲ್ವಾ ಅಣ್ಣಾ? ನನಗೋಸ್ಕರ ಸಾಹೇಬ್ರ ಮೇಜಿಗೇ ನುಗ್ಗಿದ್ರಾ? ಒಡಹುಟ್ಟಿದೋರೂ ಇಷ್ಟು ಮಾಡಲ್ಲ!"

ಚಪ್ಪಾಳೆ ಬಿತ್ತು. ಸಾಹೇಬರೂ ಹೊರಗೆ ಬಂದು ಬೆನ್ನು ತಟ್ಟಿದರು, ಸರಿಯಾಗಿ ನೋವಿದ್ದ ಕಡೆಯೇ. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಗುಮಾಸ್ತರು ಎದ್ದು, ನಕ್ಕು, ತಲೆಯಾಡಿಸಿದರು.

ಹದಿನೇಳನೇ ನಂಬರು ಅವರ ಮೇಜಿಗೆ ಬಂತು. ಕೂತೊಡನೆ ಎಡಕ್ಕೆ ವಾಲಿತು. ವಾಲಿಕೊಂಡೇ ಮನೆಗೆ ಫೋನು ಹಚ್ಚಿದರು.

"ಎಣ್ಣೆ ಬಾಟ್ಲಿ ಇಳಿಸೇ."

"ಯಾಕ್ರೀ, ಕುರ್ಚಿ ಸಿಗ್ಲಿಲ್ವಾ?"

"ಸಿಕ್ತು ಕಣೇ. ನನ್ನದೇ ಸಿಕ್ತು."