ನಾಲಿಗೆ ಪೆಟ್ಟಾಗದ ಹಾಗೆ ಮಕ್ಖಿ ತೆಗೆಯುವುದು

ಬಂದೂಕು ರಿಪೇರಿ ಮಾಡುವವನ ದಿನಚರಿ ಬಹಳ ಗಂಭೀರವಾಗಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ನಾನೂ ಈ ಕುರ್ಚಿಯ ಮೇಲೆ ಕೂಡುವ ಮುಂಚೆ ಹಾಗೇ ಅಂದುಕೊಂಡಿದ್ದೆ. ಆದರೆ ಊಟ ತಪ್ಪಿದರೂ ತಪ್ಪೀತು, ನನ್ನ ಅಂಗಡಿಯಲ್ಲಿ ವಾರಕ್ಕೊಂದು ಫಜೀತಿ ತಪ್ಪುವುದಿಲ್ಲ.

ನಮ್ಮ ಮನೆತನ ಕಲಬುರ್ಗಿ ಕಡೆಯದು. ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ, ಸುಲ್ತಾನ್ ಬಜಾರ್ ಹಿಂದಿನ ಗಲ್ಲಿಯಲ್ಲಿರುವ ಮಾವನವರ ಅಂಗಡಿಯಲ್ಲಿ ಹೆಂಡತಿಯ ತಮ್ಮನ ಜೊತೆ ಕೂತೆ. ಅಂಗಡಿಗೆ ಲೈಸೆನ್ಸ್ ಇದೆ, ಬರುವ ಗಿರಾಕಿಗಳಿಗೂ ಲೈಸೆನ್ಸ್ ಇರುತ್ತದೆ. ತಲೆ ಇದೆಯೋ ಇಲ್ಲವೋ ಎಂದು ಮಾತ್ರ ಯಾರೂ ತಪಾಸಣೆ ಮಾಡುವುದಿಲ್ಲ.

ರೈಫಲ್ಲಿನ ಮೂತಿಯ ಮೇಲೆ ಗುರಿ ಹಿಡಿಯಲು ಒಂದು ಸಣ್ಣ ಉಬ್ಬು ಇರುತ್ತದಲ್ಲ, ನಮ್ಮ ಬಜಾರಿನಲ್ಲಿ ಅದಕ್ಕೆ ಮಕ್ಖಿ ಎನ್ನುತ್ತಾರೆ. ಮಕ್ಖಿ ಅಂದರೆ ನೊಣ. ನಳಿಗೆಗೆ ನಾಲಿ ಎನ್ನುತ್ತಾರೆ. ಹಳೆಯ ರೈಫಲ್ಲುಗಳಲ್ಲಿ ಈ ಮಕ್ಖಿ ನಾಲಿಯ ಮೇಲೆ ಅಡ್ಡಲಾಗಿ ಕೊರೆದ ಕಚ್ಚಿನೊಳಗೆ ಕೂತಿರುತ್ತದೆ. ಕಚ್ಚಿನ ಬುಡ ಅಗಲ, ಬಾಯಿ ಕಿರಿದು. ಹಾಗಾಗಿ ಮೇಲಕ್ಕೆ ಕಿತ್ತರೆ ಬರುವುದಿಲ್ಲ, ಪಕ್ಕಕ್ಕೇ ಜಾರಿಸಬೇಕು. ನಾಲಿಯನ್ನು ಚರ್ಮ ಸುತ್ತಿ ಮೇಜಿಗೆ ಬಿಗಿದ ಶಿಕಂಜದ ಇಕ್ಕಳಕ್ಕೆ ಕಚ್ಚಿಸಿ, ಎರಡು ಹನಿ ಎಣ್ಣೆ ಬಿಟ್ಟು, ಹಿತ್ತಾಳೆಯ ಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ಎಡದಿಂದ ಬಲಕ್ಕೆ ಮೆಲ್ಲಗೆ ತಟ್ಟಬೇಕು. ಕಬ್ಬಿಣದ ಉಳಿ ಇಟ್ಟು ಬಡಿದಿರೋ, ನಾಲಿಯ ಮೈಮೇಲೆ ಜನ್ಮಕ್ಕೂ ಹೋಗದ ಗಾಯ. ಕೆಲಸ ಇಷ್ಟೇ. ಈ ಇಷ್ಟರಲ್ಲೇ ಏನೇನು ನಡೆಯುತ್ತದೆ ನೋಡಿ.

ಹಲ್ಲಿನ ಡಾಕ್ಟರು

ನಮ್ಮ ಓಣಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದಾರೆ, ಧಾರವಾಡದ ಕಡೆಯವರು. ನನ್ನ ದವಡೆ ಹಲ್ಲು ಕಿತ್ತವರು ಅವರೇ. ಒಂದು ದಿನ ತಮ್ಮ ಅಜ್ಜನ ರೈಫಲ್ ತಂದರು. ಮಕ್ಖಿ ಸವೆದು ಹೋಗಿತ್ತು, ತೆಗೆದು ಹೊಸದು ಕೂಡಿಸಬೇಕಿತ್ತು.

“ಬಿಟ್ಟು ಹೋಗ್ರಿ, ಸಂಜಿಗೆ ಕೊಡ್ತೀನಿ” ಅಂದೆ.

“ಇಲ್ರಿ, ಬಾಜೂಕ ಕೂಡ್ತೀನಿ. ಅಜ್ಜಾರದ್ದು, ಒಂಟಿಯಾಗಿ ಬಿಟ್ಟು ಹೋಗಾಕ ಮನಸು ಬರವಲ್ದು” ಅಂದರು.

ರೈಫಲ್ ಖಾಲಿ ಇದೆಯೋ ನೋಡಿ, ಶಿಕಂಜಕ್ಕೆ ಹಾಕಿ, ದೀಪವನ್ನು ಹತ್ತಿರ ಎಳೆದುಕೊಂಡೆ. ಡಾಕ್ಟರು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಒಳಗ ಭಾಳ ಗಟ್ಟಿ ಕುಂತೈತೇನ್ರಿ?”

“ಹೌದ್ರಿ, ಭಾಳ ವರ್ಷದ್ದು.”

“ಅರ್ಧ ಮುರದು ಒಳಗ ಉಳದ್ರ?”

“ಉಳಿಯೂದಿಲ್ರಿ.”

“ಅಕ್ಕಪಕ್ಕಕ್ಕ ಏನರ ಧಕ್ಕಿ ಆದ್ರ?”

ನಾನು ಸುತ್ತಿಗೆ ಎತ್ತಿದೆ. “ಏನೂ ಆಗೂದಿಲ್ರಿ ಡಾಕ್ಟರ. ಸ್ವಲ್ಪ ಒತ್ತಿದಂಗ ಅನಸ್ತೈತಿ, ಅಷ್ಟ. ನೀವು ಆರಾಮ ಕೂಡ್ರಿ.”

ಡಾಕ್ಟರ ಮುಖ ಇನ್ನೂ ಬಿಳಿಚಿಕೊಂಡಿತು.

“ಈ ಮಾತು ನಾನೂ ದಿನಾ ಹೇಳ್ತೀನ್ರಿ” ಅಂದರು. “ಅದಕ್ಕ ಹೆದರಿಕಿ ಬರಾಕತ್ತೈತಿ.”

ತಂಪು ಪ್ರಯೋಗ

ಇನ್ನೊಬ್ಬರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೈಯಲ್ಲಿ ಸಮಯ ಬಹಳ, ಫೋನಿನಲ್ಲಿ ವಿಡಿಯೋಗಳು ಇನ್ನೂ ಬಹಳ. ಅವರ ಬಳಿ ನಡುವೆ ಎರಡಾಗಿ ಬಿಚ್ಚಿಕೊಳ್ಳುವ ಪುಟ್ಟ ರೈಫಲ್ ಇತ್ತು. ಮಕ್ಖಿ ಕಚ್ಚಿನಲ್ಲಿ ಜಂಗು ಹಿಡಿದು ಕೂತುಬಿಟ್ಟಿತ್ತು. ನನ್ನ ಹತ್ತಿರ ತರುವ ಮುಂಚೆ ತಾವೇ ಒಂದು ಕೈ ನೋಡೋಣ ಎಂದು ಹೊರಟರು. ಯಾವುದೋ ದೇಶದ ಯಾರೋ ವಿಡಿಯೋದಲ್ಲಿ ಹೇಳಿದ್ದರಂತೆ, ತಂಪು ಮಾಡಿದರೆ ಲೋಹ ಕುಗ್ಗುತ್ತದೆ, ಮಕ್ಖಿ ತಾನಾಗಿ ಸಡಿಲಾಗುತ್ತದೆ ಎಂದು.

ಮಕ್ಖಿಯೊಂದನ್ನೇ ತಂಪು ಮಾಡುವುದು ಹೇಗೆಂದು ಇವರಿಗೆ ತಿಳಿಯಲಿಲ್ಲ. ನಾಲಿಯನ್ನು ಬಿಚ್ಚಿ, ಫ್ರಿಜ್ಜಿನ ಒಂದು ಜಾಲರಿ ತೆಗೆದು, ಮೂಲೆಯಿಂದ ಮೂಲೆಗೆ ಓರೆಯಾಗಿ ಒಳಗೆ ಮಲಗಿಸಿದರು. ಮೊಸರಿನ ಪಾತ್ರೆಗೂ ಕೊತ್ತಂಬರಿ ಕಟ್ಟಿಗೂ ನಡುವೆ. ಆಮೇಲೆ ವಾಕಿಂಗ್ ಹೋದರು. ಹೆಂಡತಿಗೆ ಹೇಳುವುದನ್ನು ಮರೆತರು.

ಆ ಫ್ರಿಜ್ಜು ನಾಲ್ಕು ದಿನದಿಂದ ನೀರು ಸೋರುತ್ತಿತ್ತು. ಅದರ ಮೆಕ್ಯಾನಿಕ್ ಅವತ್ತೇ ಬಂದ. ಮನೆಯಾಕೆ ಅವನಿಗೆ ಫ್ರಿಜ್ಜು ತೋರಿಸಿ, ಬೇಳೆ ಹೊತ್ತುತ್ತಿದೆ ಎಂದು ಒಲೆಯ ಕಡೆ ತಿರುಗಿದರು. ಆತ ಬಾಗಿಲು ತೆರೆದ. ಮೊಸರು ನೋಡಿದ, ಕೊತ್ತಂಬರಿ ನೋಡಿದ, ನಡುವೆ ತನ್ನ ಕಡೆಗೇ ಮೂತಿ ಮಾಡಿ ಮಲಗಿದ್ದ ನಾಲಿಯನ್ನೂ ನೋಡಿದ. ಸದ್ದಾಗದಂತೆ ಬಾಗಿಲು ಮುಚ್ಚಿದ.

ಆಕೆ ತಿರುಗಿ ನೋಡುವಷ್ಟರಲ್ಲಿ ಆತ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿದ್ದ. “ಏನಾಯ್ತಪ್ಪಾ, ನೋಡಿದೇನು?” ಅಂತ ತೆಲುಗಿನಲ್ಲಿ ಕೇಳಿದರು.

“ಫ್ರಿಜ್ ಚಾಲಾ ಬಾಗುಂದಮ್ಮಾ” ಅಂದ ಆತ. ಬಹಳ ಚೆನ್ನಾಗಿದೆಯಮ್ಮ ಎಂದರ್ಥ. “ಇಂಥ ಫ್ರಿಜ್ ನಾನು ನೋಡೇ ಇಲ್ಲ.”

ರೈಲಿನಲ್ಲಿ

ಒಂದು ಬೆಳಿಗ್ಗೆ ಬೇಗಂಪೇಟೆಯಲ್ಲಿ ಕೆಲಸ ಮುಗಿಸಿ ನಾಂಪಲ್ಲಿ ಕಡೆಯ ಲೋಕಲ್ ರೈಲು ಹತ್ತಿದ್ದೆ. ಎದುರಿಗೆ ಇಳಕಲ್ ಸೀರೆಯ ಒಬ್ಬ ಅಜ್ಜಿ, ಮಡಿಲಲ್ಲಿ ಗಂಟು. ಅಂಗಡಿಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. ಒಂದು ರೈಫಲ್ಲಿನ ಮಕ್ಖಿ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲವಂತೆ. ರೈಲಿನ ಸದ್ದಿನಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಬೇಕಾಯಿತು.

“ಮಕ್ಖಿ ಬರವಲ್ದಾ? ಮೊದಲು ಎರಡು ಹನಿ ಎಣ್ಣಿ ಬಿಡು. ಒಂದು ತಾಸು ಹಂಗ ಬಿಟ್ಟು ಆಮ್ಯಾಲ ಸುತ್ತಿಗಿ ತೊಗೊ. ಎಡಕಿನಿಂದ ಮೆಲ್ಲಗ ಹೊಡಿ. ನೆನಪಿರ್ಲಿ, ನಾಲಿಗೆ ಪೆಟ್ಟಾಗಬಾರದು. ನಾಲಿಗೆ ಮೊದಲು ಅರಿವಿ ಸುತ್ತು. ಆದ್ರೂ ಬರದಿದ್ರ ಒಂದೀಟು ಬಿಸಿ ತೋರಿಸು.”

ಫೋನ್ ಇಟ್ಟೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಯಪ್ಪಾ, ಯಾರದು ನಾಲಿಗಿ?” ಅಂದರು.

ನನಗೆ ತಕ್ಷಣ ಹೊಳೆಯಲಿಲ್ಲ. “ಗಿರಾಕಿದ್ರಿ ಅಮ್ಮಾ.”

“ನಾಲಿಗಿ ಮ್ಯಾಲ ನೊಣ ಕುಂತ್ರ ಸುತ್ತಿಗಿ ತೊಗೊಂಡು ಹೊಡೀತೀರಿ? ನಿಮಗ ಕರುಣಾ ಇಲ್ಲೇನು? ಬಾಯಿ ತಗದು ಊಫ್ ಅಂದ್ರ ಹಾರಿ ಹೋಗ್ತಿತ್ತಲ್ಲಪಾ.”

ಆಗ ಅರ್ಥವಾಯಿತು. ನಗು ತಡೆದುಕೊಂಡು, ಅದು ನಾಲಿಗೆಯಲ್ಲ ನಾಲಿ, ನಿಜವಾದ ನೊಣವಲ್ಲ, ಇದೆಲ್ಲ ಬಂದೂಕಿನ ಕೆಲಸ ಎಂದು ವಿವರವಾಗಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಬಂದೂಕು ಎಂಬ ಮಾತು ಬಂದಾಗ ಗಂಟನ್ನು ಎತ್ತಿಕೊಂಡು ಪಕ್ಕದ ಸೀಟಿಗೆ ಸರಿದರು.

ಇಳಿಯುವಾಗ ನನ್ನ ಹತ್ತಿರ ಬಂದು ಬಹಳ ಸಮಾಧಾನದಿಂದ ಹೇಳಿದರು. “ಸುತ್ತಿಗಿನ ಹೆಚ್ಚಾತು ಅಂದ್ರ ನೀ ಬಂದೂಕು ಅಂತೀಯಲ್ಲಪಾ. ಒಂದು ನೊಣಕ್ಕ.”

ಮಾವ, ಸೊಸೆ ಮತ್ತು ಅತ್ತೆ

ವಿಜಯಪುರದ ಕಡೆಯ ಒಂದು ಕುಟುಂಬ. ಮಾವನವರು ಸರ್ಕಾರಿ ನೌಕರಿಯಿಂದ ನಿವೃತ್ತರು, ಸೊಸೆ ಕಾಲೇಜಿನಲ್ಲಿ ಲೆಕ್ಚರರ್. ಇಬ್ಬರಿಗೂ ಗುರಿ ಹೊಡೆಯುವ ಹುಚ್ಚು. ಇಬ್ಬರಿಗೂ ಸೇರಿ ಒಂದೇ ಏರ್ ರೈಫಲ್.

ಮೊದಲು ಮಾವ ಬಂದರು. “ಮಕ್ಖಿ ಸೊಟ್ಟ ಐತ್ರಿ. ಕೂದಲೆಳಿಯಷ್ಟು ಬಲಕ್ಕ ಸರಸ್ರಿ. ನಮ್ಮ ಸೊಸಿಗೆ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೊಂತಾಳ.” ಸರಿಸಿ ಕೊಟ್ಟೆ.

ಎರಡು ದಿನಕ್ಕೆ ಸೊಸೆ ಬಂದರು. “ಯಾಕೋ ಮಕ್ಖಿ ಬಲಕ್ಕ ಹೋಗೈತ್ರಿ. ಒಂದು ಕೂದಲೆಳಿ ಎಡಕ್ಕ. ಮಾವಾರಿಗೆ ಗೊತ್ತಾಗಬಾರದು, ಅವರು ಹಿರ್ಯಾರು.” ಅದನ್ನೂ ಮಾಡಿದೆ.

ಹೀಗೆ ಆ ಮಕ್ಖಿ ಗಡಿಯಾರದ ಲೋಲಕದ ಹಾಗೆ ಅತ್ತಿಂದಿತ್ತ ಓಡಾಡತೊಡಗಿತು. ಪ್ರತಿ ಸಲ ತಟ್ಟಿದಾಗಲೂ ಕಚ್ಚಿನ ಹಿಡಿತ ಒಂದಿಷ್ಟು ಸಡಿಲಾಗುತ್ತದೆ. ಇನ್ನು ಕೆಲವು ಸಲ ತಟ್ಟಿದರೆ ಮಕ್ಖಿ ನಿಜವಾಗಿಯೂ ಹಾರಿಹೋಗುವಂತಿತ್ತು. ನಾನು ಒಂದು ಉಪಾಯ ಹೂಡಿದೆ. ಮುಂದಿನ ಸಲ ಮಾವ ಬಂದಾಗ ರೈಫಲ್ ಒಳಗೆ ಒಯ್ದು, ಮೇಜಿನ ಮರಕ್ಕೆ ಟಕ್ ಟಕ್ ಎಂದು ಎರಡು ಪೆಟ್ಟು ಹಾಕಿ, ಮಕ್ಖಿ ಮುಟ್ಟದೆ ಹಾಗೇ ತಂದುಕೊಟ್ಟೆ. ಸೊಸೆ ಬಂದಾಗಲೂ ಅದೇ ಟಕ್ ಟಕ್.

ಮಾವ ಫೋನ್ ಮಾಡಿದರು. “ಈಗ ನೋಡ್ರಿ, ಕರೆಕ್ಟ್ ಕುಂತೈತಿ. ನಿಮ್ಮ ಕೈಗುಣ ಭಾಳ ಛಲೋ.” ಸೊಸೆ ಒಂದು ಡಬ್ಬಿ ಕರದಂಟು ಕೊಟ್ಟು ಹೋದರು.

ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಕೂತಿದ್ದೆ. ಮುಂದಿನ ವಾರ ಅದೇ ರೈಫಲ್ ಹಿಡಿದು ಮನೆಯ ಅತ್ತೆ ಬಂದರು.

“ಏನಾತ್ರಿ ಅಮ್ಮಾ, ಮತ್ತ ಸೊಟ್ಟ ಆತೇನು?”

“ಇಲ್ರಿ. ಅವರಿಬ್ಬರಿಗೂ ಈಗ ಭಾರಿ ದೋಸ್ತಿ. ಒಬ್ಬರ ಗುರಿ ಒಬ್ಬರು ಹೊಗಳಾಕತ್ತಾರ. ಮೊದಲು ಜಗಳ ಆಡಕೋತ ಅಂಗಳದಾಗ ಇರ್ತಿದ್ರು, ನಾನು ಆರಾಮ ಟಿವಿ ನೋಡ್ತಿದ್ದೆ. ಈಗ ಇಬ್ಬರೂ ಒಳಗ ಬಂದು ನನ್ನ ಅಡಿಗಿಯೊಳಗ ತಪ್ಪು ಹುಡುಕ್ತಾರ.” ರೈಫಲ್ ಮೇಜಿನ ಮೇಲಿಟ್ಟರು. “ಒಂದೀಟು ಎಡಕ್ಕ ಸರಿಸಿ ಕೊಟ್ಟಬಿಡ್ರಿ.”

ಅಳಿಯನ ಗುರಿ

ಮಗಳ ಮದುವೆಯಾದ ಹೊಸತು. ಜನವರಿಯಲ್ಲಿ ಅಳಿಯ, ಮಗಳು, ಹೆಂಡತಿ ಎಲ್ಲ ಸೇರಿ ನಾಂಪಲ್ಲಿಯಲ್ಲಿ ನಡೆಯುವ ವಸ್ತುಪ್ರದರ್ಶನ, ನುಮಾಯಿಶ್‌ಗೆ ಹೋದೆವು. ಹೆಂಡತಿ ಒಳಗೆ ಹೋದವಳೇ ಹಿತ್ತಾಳೆಯ ಸೌಟು ಮತ್ತು ಲಟ್ಟಣಿಗೆ ಕೊಂಡಳು. ಚೀಲ ಹೊರುವ ಕೆಲಸ ನನ್ನದು.

ಬಲೂನಿಗೆ ಗುರಿ ಹೊಡೆಯುವ ಅಂಗಡಿ ಕಂಡ ಕೂಡಲೇ ಅಳಿಯ ತೋಳು ಮಡಚಿದ. “ಮಾವಾರ, ಇವತ್ತು ನೋಡ್ರಿ. ಯಾವ ಬಣ್ಣ ಹೇಳ್ತೀರಿ, ಆ ಬಣ್ಣ ಒಡೀತೀನಿ” ಅಂದ. ಮಗಳ ಮುಖ ಅರಳಿತು. ಮೊದಲು ಮಿರ್ಚಿ ತಿಂದು ಬರೋಣ ಎಂದು ಮೂವರೂ ಪಕ್ಕದ ಗಾಡಿಗೆ ಹೋದರು.

ನಾನು ಅಲ್ಲೇ ನಿಂತೆ. ಅಭ್ಯಾಸ ನೋಡಿ, ಕಣ್ಣು ಕಟ್ಟೆಯ ಮೇಲಿದ್ದ ಏರ್ ಗನ್ನಿನ ಮೂತಿಗೇ ಹೋಯಿತು. ಮಕ್ಖಿ ಕಚ್ಚಿನಿಂದ ಬಲಕ್ಕೆ ಅರ್ಧ ಹೊರಗೆ ಬಂದು ನಿಂತಿತ್ತು. ಅಂಥ ಗನ್ನಿನಲ್ಲಿ ನೇರ ಗುರಿಯಿಟ್ಟರೆ ಏಟು ಎಡಕ್ಕೇ ಹೋಗುತ್ತದೆ. ಅಯ್ಯೋ, ಹೊಸ ಅಳಿಯ, ಹೆಂಡತಿಯ ಮುಂದೆ ಮರ್ಯಾದೆ ಹೋಗುತ್ತದಲ್ಲ ಅನಿಸಿತು.

ಅಂಗಡಿಯವನು ಬೆನ್ನು ತಿರುಗಿಸಿ ಬಲೂನು ಊದುತ್ತಿದ್ದ. ಗನ್ನು ಮಡಚಿ ಒಳಗೆ ಛರ್ರಾ ಗುಂಡು ಇಲ್ಲವೆಂದು ನೋಡಿದೆ. ನಾಲಿಗೆ ಕರವಸ್ತ್ರ ಸುತ್ತಿ ಮೊಣಕಾಲ ನಡುವೆ ಹಿಡಿದೆ. ಹಿತ್ತಾಳೆ ಸೌಟಿನ ತುದಿಯನ್ನು ಮಕ್ಖಿಗೆ ಆನಿಸಿ ಲಟ್ಟಣಿಗೆಯಿಂದ ಎರಡು ಪೆಟ್ಟು. ಮಕ್ಖಿ ಸರಿಯಾಗಿ ನಡುವೆ ಬಂದು ಕೂತಿತು. ನಾಲಿಗೆ ಒಂದು ಗೀರೂ ಇಲ್ಲ. ಗನ್ನು ಇದ್ದಲ್ಲಿಟ್ಟು, ಏನೂ ಅರಿಯದವನಂತೆ ನಿಂತೆ.

ಅಳಿಯ ಬಂದ, ಗನ್ನು ಎತ್ತಿದ. “ಕೆಂಪು” ಅಂತ ಸಾರಿ ಹೊಡೆದ. ಅದರ ಬಲಕ್ಕಿದ್ದ ಹಳದಿ ಒಡೆಯಿತು.

ಕೈ ಜಾರಿತು ಅಂದ. “ಈಗ ಹಸಿರು.” ನೀಲಿ ಒಡೆಯಿತು.

ಬೆವರು ಒರೆಸಿಕೊಂಡು “ಬಿಳಿ” ಅಂದ. ಗುಲಾಬಿ ಒಡೆಯಿತು.

ಏಟು ಒಂದೂ ಹುಸಿಯಾಗುತ್ತಿಲ್ಲ, ಆದರೆ ಹೇಳಿದ ಬಣ್ಣ ಮಾತ್ರ ಒಡೆಯುತ್ತಿಲ್ಲ. ಹೆಂಡತಿ ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು.

“ಅಳಿಯಾರಿಗೆ ಬಣ್ಣ ಕಾಣೂದಿಲ್ಲೇನ್ರಿ?” ಅಂತ ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರು. “ಮದುವಿಗೆ ಮುಂಚೆ ಅವರ ಮನ್ಯಾಗ ಒಬ್ಬರೂ ಹೇಳಲಿಲ್ಲ ನೋಡ್ರಿ.”

ಅಷ್ಟರಲ್ಲಿ ಮಗಳು ಗನ್ನು ಇಸಕೊಂಡಳು. ಕೆಂಪು ಅಂದಳು, ಕೆಂಪು ಒಡೆಯಿತು. ಹಸಿರು ಅಂದಳು, ಹಸಿರು ಒಡೆಯಿತು. “ಭಾಳ ಸರಳ ಐತ್ರಿ,” ಅಂತ ಗಂಡನಿಗೆ ಕಲಿಸತೊಡಗಿದಳು. “ನೇರ ನೋಡಬೇಕು, ಅಷ್ಟ.”

ಅಳಿಯ ನನ್ನ ಬಳಿ ಬಂದು ದನಿ ತಗ್ಗಿಸಿದ. “ಮಾವಾರ, ಹೋದ ವಾರ ದೋಸ್ತರ ಜೋಡಿ ಬಂದು ಇದ ಗನ್ನಿನ ಮ್ಯಾಲ ಸಂಜಿತನಕ ಪ್ರಾಕ್ಟೀಸ್ ಮಾಡಿದ್ದೆ. ಬಲಕಿನ ಬಲೂನಿಗೆ ಗುರಿ ಇಟ್ರ ಎಡಕಿಂದು ಬರೋಬರಿ ಒಡೀತಿತ್ತು. ಇವತ್ತು ಏನಾತೋ ತಿಳಿವಲ್ದು.”

ನಾನು ಚೀಲದಲ್ಲಿದ್ದ ಸೌಟಿನ ಕಡೆ ನೋಡಿದೆ. ಅವನೂ ನೋಡಿದ. ಆಮೇಲೆ ಲಟ್ಟಣಿಗೆ ನೋಡಿದ. ಸೌಟಿನ ತುದಿಗೆ ಗನ್ನಿನ ಎಣ್ಣೆಯ ಕರಿ ಹತ್ತಿತ್ತು. ನಾನು ಚೀಲದ ಬಾಯಿ ಮಡಚಿದೆ.

ಮನೆಗೆ ಹೋಗುವಾಗ ಆಟೋದಲ್ಲಿ ಹೆಂಡತಿ ಸಿಟ್ಟನ್ನೆಲ್ಲ ನನ್ನ ಮೇಲೆ ತೆಗೆದಳು. “ದಿನಾ ಬಂದೂಕಿನ ಮುಂದ ಕುಂತಿರ್ತೀರಿ. ಮಂದಿಗೆಲ್ಲ ಸಹಾಯ ಮಾಡ್ತೀರಿ. ಮನಿ ಅಳಿಯಗ ಒಂದೀಟು ಸಹಾಯ ಮಾಡಾಕ ಆಗಲಿಲ್ಲೇನ್ರಿ ನಿಮಗ?”

ನಾನು ಬಾಯಿ ತೆರೆಯುವ ಮುಂಚೆಯೇ, ಡ್ರೈವರನ ಪಕ್ಕ ಮುದುಡಿ ಕೂತಿದ್ದ ಅಳಿಯ ಹಿಂದೆ ತಿರುಗಿ ನೋಡದೆ ಹೇಳಿದ.

“ಮಾಡ್ಯಾರ್ರಿ ಅತ್ತಿಯವರ. ಇನ್ನ ಸಾಕು.”