ತಲೆ ಲೆಕ್ಕದ ಸೂತ್ರ ಮತ್ತು ಬೋರಯ್ಯನವರ ಮಂದೆ

ಎದುರಿಗೆ ಬಂದವರನ್ನು ಮನುಷ್ಯರೆಂದು ನೋಡುವ ಅಭ್ಯಾಸ ನನಗೆ ತಪ್ಪಿಹೋಗಿ ಬಹಳ ವರ್ಷಗಳಾದವು. ನನಗೆ ಕಾಣುವುದು ತಲೆ ಮಾತ್ರ. ಮದುವೆ ಮನೆಯಲ್ಲಿ ಎಲ್ಲರೂ ಅಕ್ಷತೆ ಹಾಕಲು ಮುಂದೆ ನುಗ್ಗುತ್ತಿದ್ದರೆ ನಾನು ಹಿಂದೆ ನಿಂತು, ಮೀಸೆ ಚಿಗುರುತ್ತಿರುವ ಹುಡುಗರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಕಳೆ ಯಾರ ಮುಖದಲ್ಲಿದೆ ಎಂದು ನೋಡುತ್ತಿರುತ್ತೇನೆ. "ರೀ, ಹಂಗೆ ಕಣ್ಣು ಕೀಲಿಸಿ ನೋಡಬ್ಯಾಡ್ರಿ. ನಮಗಿರೋದು ಒಬ್ಬ ಮಗ. ಇವರ್ಯಾಕೆ ಅಳಿಯನ್ನ ಹುಡುಕ್ತಾವ್ರೆ ಅಂತ ಜನ ಕೇಳ್ತಾರೆ" ಎಂದು ಹೆಂಡತಿ ಚಿವುಟುತ್ತಾಳೆ. ಅಳಿಯ ಸಿಗದಿದ್ದರೆ ಒಂದು ವರ್ಷ ಕಾಯಬಹುದು. ಫಿಟ್ಟರ್ ವಿಭಾಗಕ್ಕೆ ಹುಡುಗ ಸಿಗದಿದ್ದರೆ ಕಾಯಲು ಬರುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಸಲಿ?

ನಾನು ಮೊಳಕಾಲ್ಮೂರಿನ ಒಂದು ಅನುದಾನಿತ ಐಟಿಐಯಲ್ಲಿ ಫಿಟ್ಟರ್ ಕಲಿಸುವ ಮೇಷ್ಟರು. ಚಳ್ಳಕೆರೆಯಲ್ಲಿ ಮನೆ, ದಿನಾ ಬಸ್ಸು. ಅನುದಾನಿತ ಎಂದರೆ ಕಟ್ಟಡ ಆಡಳಿತ ಮಂಡಳಿಯದು, ಸಂಬಳ ಸರ್ಕಾರದ್ದು, ಆತಂಕ ಪೂರ್ತಿ ನಮ್ಮದು. ಸರ್ಕಾರ ಈ ಸಂಬಳವನ್ನು ನಮ್ಮ ಮುಖ ನೋಡಿ ಕೊಡುವುದಿಲ್ಲ. ಅದಕ್ಕೊಂದು ಸೂತ್ರವಿದೆ. ವಿಭಾಗಕ್ಕೆ ಕನಿಷ್ಠ ಇಷ್ಟು ಮಕ್ಕಳಿರಬೇಕು. ಇದ್ದರೆ ಅನುದಾನ, ಇಲ್ಲದಿದ್ದರೆ ವಿಭಾಗಕ್ಕೆ ಬೀಗ, ಮೇಷ್ಟರು 'ಹೆಚ್ಚುವರಿ'. ಹೆಚ್ಚುವರಿಯಾದವನನ್ನು ರಾಜ್ಯದ ಯಾವ ಮೂಲೆಗೆ ಬೇಕಾದರೂ ಕಳಿಸಬಹುದು. ಮಕ್ಕಳು ಮಂಜೂರಾದದ್ದಕ್ಕಿಂತ ಜಾಸ್ತಿಯಿದ್ದರೂ ತಪ್ಪೇ, ಅದಕ್ಕೆ ನೋಟಿಸು. ಒಟ್ಟಿನಲ್ಲಿ ಉಪ್ಪು ಹಾಕಿದ ಹಾಗೆ, ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ನಮ್ಮ ವರ್ಕ್‌ಶಾಪಿನ ಛಾವಣಿ ಸೋರುವುದಕ್ಕೆ ಸೂತ್ರದಲ್ಲಿ ಜಾಗವಿಲ್ಲ, ಏಕೆಂದರೆ ಛಾವಣಿಗೆ ತಲೆಯಿಲ್ಲ. ಸೂತ್ರದ ಕೆಳಗಡೆ ಪಾಠದ ಗಂಟೆಗಳ ಬಗ್ಗೆಯೂ ಏನೋ ಬರೆದಿದೆಯಂತೆ. ತಲೆಗಳ ಚಿಂತೆಯೇ ಮುಗಿಯದ ನಾನು ಅಷ್ಟು ಕೆಳಕ್ಕೆ ಇಳಿದಿರಲಿಲ್ಲ.

ಎಲೆಕ್ಟ್ರಿಷಿಯನ್ ಕಲಿಸುವ ಇಮ್ತಿಯಾಜ್ ಸಾಬರೂ ಚಳ್ಳಕೆರೆಯವರೇ. ಅವರಿಗೆ ಈ ಕಾಯಿಲೆ ಇಲ್ಲ. ಕರೆಂಟಿಗೆ ಯಾವಾಗಲೂ ಗಿರಾಕಿ. "ಫಿಕರ್ ಮಾಡಬ್ಯಾಡ್ರಿ ಸಾರ್, ಎಲ್ಲಾ ಸರಿ ಹೋಗ್ತೈತೆ" ಎಂದು ಅವರು ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಹೋಗುತ್ತಾರೆ. ಪಕ್ಕದಲ್ಲಿ ಕೂತ ನಾನು ಬಸ್ಸಿನ ತಲೆಗಳನ್ನು ಎಣಿಸುತ್ತಿರುತ್ತೇನೆ. ನೆಮ್ಮದಿಯಾಗಿ ಗೊರಕೆ ಹೊಡೆಯುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ಈ ವರ್ಷ ಜೂನ್‌ನಿಂದಲೇ ನಾನು ಇಮ್ತಿಯಾಜರ ಬೈಕು ಕಡ ತಗೊಂಡು ಊರೂರು ಅಲೆದಿದ್ದೆ. ನನ್ನಿವಾಳದಲ್ಲಿ ಒಬ್ಬ ಹುಡುಗನ ಮನೆಗೆ ಎಷ್ಟು ಸಲ ಹೋದೆನೆಂದರೆ ಅವರ ನಾಯಿ ಬೊಗಳುವುದನ್ನು ಬಿಟ್ಟು ಬಾಲ ಆಡಿಸಲು ಶುರುಮಾಡಿತು. ಹುಡುಗ ಮಾತ್ರ ಕೊನೆಗೆ ಎಲೆಕ್ಟ್ರಿಷಿಯನ್‌ಗೇ ಸೇರಿದ. ಅಂತೂ ಇಂತೂ ಫಿಟ್ಟರ್ ಭರ್ತಿಯಾಯಿತು. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಸಿದ್ದಾಪುರದ ಪಾಲಮ್ಮ, ಅವಳ ಜೊತೆ ಅವಳ ಬಳಗದ ಐದಾರು ಹುಡುಗರು ಕ್ಲಾಸಿನಿಂದ ಮಾಯವಾದರು. ಎಲ್ಲರೂ ಕುರಿ ಸಾಕುವ ಮನೆಗಳವರು. ಮಂದೆಯ ಜೊತೆ ಹೋಗಿದ್ದಾರೆ ಎಂದು ತಿಳಿಯಿತು. ಅದೇ ವಾರ ಇಲಾಖೆಯಿಂದ ಫೋನು: ನಾಡಿದ್ದು ತಪಾಸಣೆ. ಬಂದ ಅಧಿಕಾರಿಯ ಕಣ್ಣಿಗೆ ಅಂದು ಬಿದ್ದ ಮಕ್ಕಳಷ್ಟೇ ಲೆಕ್ಕ. ಆ ಮಕ್ಕಳು ಬರದಿದ್ದರೆ ಫಿಟ್ಟರ್ ಹೋಯಿತು, ಫಿಟ್ಟರ್ ಹೋದರೆ ನಾನೂ ಹೋದೆ.

ಬೈಕು ಹತ್ತಿ ಹೊರಟೆ. ಜಟಿಂಗ ರಾಮೇಶ್ವರನ ಬೆಟ್ಟದ ಬುಡದಲ್ಲಿ ಯಾರದೋ ಹೊಲದಲ್ಲಿ ಮಂದೆ ನಿಂತಿತ್ತು. ಪಾಲಮ್ಮನ ಅಪ್ಪ ಬೋರಯ್ಯನವರು ಕಂಬಳಿ ಹಾಸಿ ಕೂರಿಸಿದರು. ನಾನು ಬೆವರು ಒರೆಸಿಕೊಳ್ಳುತ್ತಾ ಸೂತ್ರವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಗಲ್ಲ ಕೆರೆಯುತ್ತಾ ಕೇಳಿದರು.

"ಅಂದ್ರೆ ತಲೆ ಲೆಕ್ಕಕ್ಕೆ ದುಡ್ಡು ಕೊಡ್ತಾರೆ ಅನ್ರಿ."

"ಹೂಂ."

"ಕಮ್ಮಿ ಬಿದ್ರೆ ಕೊಡಾಕಿಲ್ಲ."

"ಅದೇ ನೋಡಿ ಕಷ್ಟ."

"ಅಯ್ಯೋ, ಇದು ಮಂದೆ ನಿಲ್ಸೋ ಲೆಕ್ಕ ಅಲ್ವೇನ್ರಿ ಸಾರ್! ಚಿಂತೆ ಬಿಡ್ರಿ. ನಾವು ತುಂಬಿಸ್ತೀವಿ."

ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹೊಲದವರು ಕುರಿಯ ತಲೆಯ ಮೇಲೆ ದುಡ್ಡೋ ಕಾಳೋ ಕೊಡುವುದು ಈ ಕಡೆಯ ರೂಢಿ. ತಮ್ಮ ಕುರಿ ಸಾಲದಿದ್ದರೆ ನೆಂಟರ ಕುರಿ ಸೇರಿಸಿ ಹೊಲ ತುಂಬಿಸುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ. ಹೊಲಕ್ಕೆ ಗೊಬ್ಬರ ಬಿದ್ದರಾಯಿತು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೂ 'ತುಂಬಿಸ್ತೀವಿ' ಎಂದಾಗ ನಾನು ಮಕ್ಕಳನ್ನು ವಾಪಸ್ಸು ಕಳಿಸುತ್ತಾರೆ ಎಂದಷ್ಟೇ ತಿಳಿದೆ. ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ತಪಾಸಣೆಯ ದಿನ ಬಸ್ಸಿಳಿದು ಗೇಟಿಗೆ ಬಂದರೆ ಐಟಿಐ ಮೈದಾನದ ತುಂಬಾ ಕುರಿ. ವರ್ಕ್‌ಶಾಪಿನ ಒಳಗೆ ಕಾಲಿಡಲು ಜಾಗವಿಲ್ಲ. ಪಾಲಮ್ಮ ಮತ್ತು ಕಾಣೆಯಾಗಿದ್ದ ಹುಡುಗರೆಲ್ಲ ಇದ್ದರು. ಅವರ ಜೊತೆ ಅವರ ಚಿಕ್ಕಪ್ಪಂದಿರು, ಸೋದರಮಾವಂದಿರು, ಭಾವಂದಿರು. ಯಾರು ಯಾರದೋ ಐಟಿಐ ಸಮವಸ್ತ್ರದ ನೀಲಿ ಅಂಗಿ ಇಸಕೊಂಡು, ಗುಂಡಿ ಹಾಕಲಾಗದೆ ಹೊಟ್ಟೆ ಎಳೆದುಕೊಂಡು ನಿಂತಿದ್ದರು. ಒಬ್ಬರಿಗಂತೂ ಮೊಮ್ಮಕ್ಕಳಿರಬೇಕು.

"ಏನ್ರೀ ಬೋರಯ್ಯನೋರೆ ಇದು?" ಎಂದೆ.

"ಕಮ್ಮಿ ಬೀಳಬಾರ್ದು ಅಂದ್ರಲ್ಲ ಸಾರ್. ಎಲ್ಲಾರೂ ಬಂದ್ಮ್ಯಾಲೆ ಕುರಿ ಯಾರು ನೋಡ್ಬೇಕು? ಅದಕ್ಕೆ ಅವನ್ನೂ ಹೊಡ್ಕೊಂಡು ಬಂದ್ವಿ."

ಅವರನ್ನು ಹೊರಗೆ ಸಾಗಿಸುವ ಮೊದಲೇ ಜೀಪು ಬಂತು. ಇಳಿದವರು ಒಬ್ಬ ಹೆಂಗಸು. ಕುರಿಗಳ ನಡುವೆ ಸೀರೆ ಎತ್ತಿ ಹಿಡಿದು ಜೋಪಾನವಾಗಿ ನಡೆದು ಬಂದರು. ವರ್ಕ್‌ಶಾಪಿಗೆ ಬಂದು ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಮಂಜೂರಾದದ್ದಕ್ಕಿಂತ ಬಹಳ ಜಾಸ್ತಿ ಇದ್ದಾರಲ್ಲ ಮೇಷ್ಟರೇ?" ಎಂದರು. ಜೀವಮಾನವಿಡೀ ತಲೆ ಕಡಿಮೆಯಾಗುವ ಭಯದಲ್ಲಿ ಬದುಕಿದವನು ಹೆಚ್ಚಾದದ್ದಕ್ಕೆ ಸಿಕ್ಕಿಬಿದ್ದಿದ್ದೆ.

ಅವರು ದಪ್ಪ ಮೀಸೆಯ ಒಬ್ಬರನ್ನು ಕೇಳಿದರು: "ನೀವು ಯಾವ ವರ್ಷ?"

"ನಾನು ಇವತ್ತೊಂದಿನ ಬಂದೀನ್ರಿ ಮೇಡಂ. ಸಂಜಿಗೆ ಬಿಡ್ತಾರಂತೆ."

ನಾನು ಲೇತ್ ಮೆಷಿನ್ನಿಗೆ ಒರಗಿದೆ. ಇಮ್ತಿಯಾಜ್ ಸಾಬರು ಬಾಗಿಲಲ್ಲಿ ನಿಂತು, ಫಿಕರ್ ಮಾಡಬ್ಯಾಡ್ರಿ ಎನ್ನಲೂ ಆಗದೆ ಕರ್ಚೀಫು ಬಾಯಿಗೆ ಅಡ್ಡ ಹಿಡಿದಿದ್ದರು. ಆಗ ಪಾಲಮ್ಮ ಮುಂದೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಮಂದೆ, ಹೊಲ, ನೆಂಟರ ಕುರಿ, ಒಂದೂ ಬಿಡದೆ. ಮೇಡಂ ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದಾರೋ ಸಿಟ್ಟಾಗಿದ್ದಾರೋ ತಿಳಿಯಲಿಲ್ಲ. ಆಮೇಲೆ ನೆಂಟರನ್ನೆಲ್ಲ ಹೊರಗೆ ಕಳಿಸಿ, ಹಾಜರಿ ಪುಸ್ತಕ ಹಿಡಿದು ಕೂತು, ನಿಜವಾದ ಮಕ್ಕಳನ್ನು ಹೆಸರು ಹಿಡಿದು ಕರೆದರು. ಎಲ್ಲರೂ ಹಾಜರು! ಫಿಟ್ಟರ್ ಉಳಿಯಿತು. ನನಗೆ ಆ ಕ್ಷಣ ಪ್ರತಿಯೊಂದು ಕುರಿಯನ್ನೂ ತಬ್ಬಿಕೊಳ್ಳಬೇಕೆನ್ನಿಸಿತು.

ಮೇಡಂ ಎದ್ದವರು ಮತ್ತೆ ಕೂತರು. "ಮಕ್ಕಳೇನೋ ಇದ್ದಾರೆ. ಪಾಠದ ಗಂಟೆಗಳು? ಮೇಷ್ಟರು ದಿನಾ ಕ್ಲಾಸ್ ತಗೋತಾರಾ?" ಎಂದು ಪಾಲಮ್ಮನನ್ನೇ ಕೇಳಿದರು. ಸತ್ಯ ಹೇಳುವ ಹುರುಪಿನಲ್ಲಿದ್ದ ಹುಡುಗಿ. "ಸಾರು ಪಾಠ ಚೆನ್ನಾಗಿ ಮಾಡ್ತಾರೆ ಮೇಡಂ. ಆದ್ರೆ ಸಿಗಾಕಿಲ್ಲ. ಹುಡುಗ್ರನ್ನ ಹುಡುಕಾಕೆ ಹೋಗಿರ್ತಾರೆ. ಅವ್ರಿಲ್ಲ ಅಂತಲೇ ನಾವು ಮಂದೆ ಕಡೆ ಹೋದ್ವಿ" ಎಂದಳು.

ಸೂತ್ರದ ಕೆಳಗಿನ ಸಾಲನ್ನು ನಾನು ಆ ದಿನ ಮೊದಲ ಬಾರಿಗೆ ಓದಿದೆ, ಮೇಡಂ ಬೆರಳಿಟ್ಟು ತೋರಿಸಿದರು. ವಿಭಾಗದಲ್ಲಿ ಕಮ್ಮಿ ಬಿದ್ದಿದ್ದ ಒಂದೇ ತಲೆ ನನ್ನದು. ವರ್ಷ ಮುಗಿಯುವುದರೊಳಗೆ ಬಾಕಿ ಗಂಟೆಗಳನ್ನು ತುಂಬಿಸಬೇಕು, ಇಲ್ಲವಾದರೆ ನನ್ನ ಸಂಬಳ ತಡೆಹಿಡಿಯುವುದು ಎಂದು ಅಪ್ಪಣೆಯಾಯಿತು. ಈಗ ನನಗೆ ಭಾನುವಾರವೂ ಕ್ಲಾಸು.

ಜೀಪು ಹೋದ ಮೇಲೆ ತಲೆ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಕುರಿ ಹೊಡೆಯುತ್ತಿದ್ದ ಬೋರಯ್ಯನವರು ಮಂದೆಯನ್ನು ಅಲ್ಲೇ ಬಿಟ್ಟು ಹತ್ತಿರ ಬಂದರು. "ನಿಮ್ಮ ಕಡೆ ಕಮ್ಮಿ ಬಿತ್ತಂತಲ್ಲ ಸಾರ್?" ಎಂದು ಮೆಲ್ಲಗೆ ಕೇಳಿದರು. "ಮೊದ್ಲೇ ಹೇಳಬಾರ್ದಾ? ನಮ್ಮ ಬಾಮೈದ ಅವ್ನೆ, ಪ್ಯಾಂಟು ಶರ್ಟು ಐತೆ, ನಿಮ್ಮಷ್ಟೇ ಎತ್ತರ. ನಿಲ್ಲಿಸಿಬಿಡೋಣ."

ಬೇಡ ಎನ್ನಲು ಬಾಯಿ ತೆರೆದೆ. ಆದರೆ ನನ್ನ ಕಣ್ಣು ಆಗಲೇ ಮಂದೆಯ ಆಚೆ, ನೀಲಿ ಅಂಗಿ ಬಿಚ್ಚುತ್ತಿದ್ದವರ ನಡುವೆ ಆ ಬಾಮೈದನನ್ನು ಹುಡುಕತೊಡಗಿತ್ತು.